ಕಚ್ಚಾ ಲಿಂಬುವಿನ ಜೋಗುಳ

‘ಓಡಿ ಓಡಿ ದಣಿದ ಕಾಲೇ, ಇನ್ನು ಮಲಗು.’ ಪಕ್ಕದ ಮನೆಯ ಖಾಲಾ ಹಾಡುತ್ತಿದ್ದ ಸಾಲು ಹೀಗೇ ಇತ್ತೇ? ಅವರ ತೊಟ್ಟಿಲ ಕೂಸಿಗೆ ಆಗ ಅಂಬೆಗಾಲೂ ಬಂದಿರಲಿಲ್ಲ. ಅದರ ಕಾಲು ದಣಿಯುವುದು ಹೇಗೆ?

ಇವತ್ತು ಅಂಧೇರಿ ಸ್ಟೇಷನ್ನಿನ ಮೆಟ್ಟಿಲು ಹತ್ತಲಾರದೆ ನಡುವೆಯೇ ನಿಂತುಬಿಟ್ಟೆ. ಜನ ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು. ಆಗ ಈ ಸಾಲು ನೆನಪಾಯಿತು.

ಚಿಕ್ಕವಳಿದ್ದಾಗ ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ನಾನು ‘ಕಚ್ಚಾ ಲಿಂಬು’. ಓಡಲು ಬಾರದ ಚಿಕ್ಕ ಮಗುವನ್ನು ಆಟಕ್ಕೆ ಸೇರಿಸಿಕೊಂಡು, ಸಿಕ್ಕಿಬಿದ್ದರೂ ಔಟ್ ಎನ್ನದೆ ಬಿಡುತ್ತಾರಲ್ಲ, ಆ ಮಗುವಿಗೆ ಮುಂಬಯಿಯ ಮಕ್ಕಳು ಇಟ್ಟ ಹೆಸರದು. ಎಲ್ಲರಷ್ಟು ಓಡಲಾಗದ ನನಗೆ ಒಂಬತ್ತು ತುಂಬಿದರೂ ಆ ಹೆಸರು ಹೋಗಲಿಲ್ಲ. ಒಂದು ಭಾನುವಾರ ಸ್ವಂತ ತಂಗಿಯೇ, ಅಕ್ಕನನ್ನು ಬಿಟ್ಟುಬಿಡಿ ಎಂದು ಎಲ್ಲರೆದುರು ಕೂಗಿದಳು: “ಅಕ್ಕಾಕೋ ಛೋಡೋ ರೇ, ಓ ತೋ ಕಚ್ಚಾ ಲಿಂಬು ಹೈ!”

ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. “ಎಷ್ಟೊತ್ತು ಅಳ್ತಿ? ಸುಮ್ನ ಮಕ್ಕೋ,” ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಗದರಿದಳು. ನಿದ್ದೆ ಬರಲಿಲ್ಲ. ಆಗ ಹಲಗೆ ಗೋಡೆಯ ಆಚೆ, ಪಕ್ಕದ ಕೋಣೆಯ ಬಿಜಾಪುರದ ಖಾಲಾ ಹಾಡತೊಡಗಿದರು. ತೊಟ್ಟಿಲ ಹಗ್ಗ ಕಿರುಗುಟ್ಟುವ ಸದ್ದು ಮಾತ್ರ ಇರಲಿಲ್ಲ. ಯಾವಾಗ ನಿದ್ದೆ ಹೋದೆನೋ ತಿಳಿಯದು.

ಸಂಜೆ ಕಣ್ಣು ಬಿಟ್ಟಾಗ ಖಾಲಾ ಕೂಸನ್ನು ಸೊಂಟದಲ್ಲಿಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು.

“ಕೂಸು ಇವತ್ತ ಭಾಳ ಕಾಡ್ತೇನ್ರೀ? ಅಷ್ಟೊತ್ತು ಹಾಡಿದ್ರಿ,” ಎಂದಳು ಅವ್ವ.

“ಎಲ್ಲೀದ ಅಕ್ಕಾರ, ಅದು ಯಾವಾಗೋ ಮಲಗಿತ್ತು,” ಎಂದು ಖಾಲಾ ನನ್ನತ್ತ ನೋಡಿದರು. “ನಿದ್ದಿ ಬರವಲ್ದಾಗಿದ್ದು ಈಕೀಗೆ.”