ನಿಂಬೆ ತೋಟದ ಏಡಿ ಗುದ್ದುಗಳು

ನಿನ್ನೆ ಬೆಳಗ್ಗೆ ಜೇವರ್ಗಿಯ ನಮ್ಮ ಮನೆ ಮಾಳಿಗೆಯ ಮೇಲೆ ಕರಿಬೇವಿನ ಕುಂಡವೊಂದು ಸೊರಗಿ ನಿಂತಿತ್ತು. ನೀರು ಸಾಲದೆಂದು ನಾನು ದಿನಾ ಸುರಿದದ್ದೇ ಸುರಿದದ್ದು. ತಳದ ತೂತು ಕಟ್ಟಿಕೊಂಡದ್ದು ಗೊತ್ತೇ ಆಗಿರಲಿಲ್ಲ. ಕುಂಡ ಮಗುಚಿದೆ. ಬೇರಿನ ಜೊತೆ ಕೊಳೆತ ವಾಸನೆಯೊಂದು ಎದ್ದು ಮೂಗಿಗೆ ಬಡಿಯಿತು ನೋಡಿ, ಎದೆ ಧಸಕ್ಕೆಂದಿತು. ಒಂದು ಗಿಡಕ್ಕೆ ಇಷ್ಟು ಗಾಬರಿಯೇ ಎಂದು ನೀವು ನಗಬಹುದು. ಗಾಬರಿ ಗಿಡದ್ದಲ್ಲ. ಆ ವಾಸನೆ ನನಗೆ ಮೊದಲು ಬಡಿದದ್ದು ಸೊನ್ನ ಊರಿನ ಹತ್ತಿರ, ಸಣ್ಣವ್ವನ ನಿಂಬೆ ತೋಟದಲ್ಲಿ.

ಸಣ್ಣವ್ವ ಎಂದರೆ ನನ್ನ ಅವ್ವನ ತಂಗಿ. ಭೀಮೆಯ ದಂಡೆಗೆ ಹತ್ತಿದ ಎರೆಹೊಲದಲ್ಲಿ ತಾನೇ ನಿಂತು ಬೆಳೆಸಿದ ತೋಟ ಅದು. ಇಷ್ಟು ಬಿಗಿಯಾದ ಕರಿಮಣ್ಣಿನಲ್ಲಿ ನಿಂಬೆ ಬಾಳುವುದಿಲ್ಲ ಎಂದು ಊರೆಲ್ಲ ಹೇಳಿದರೂ ಗಿಡಗಳು ಜಗ್ಗಿ ಕಾಯಿ ಬಿಡುತ್ತಿದ್ದವು. ಆಕೆಯ ಉಪ್ಪಿನಕಾಯಿ ದೂರದ ಖಜೂರಿಯ ಬೀಗರ ಮನೆಯವರೆಗೂ ಹೋಗುತ್ತಿತ್ತು. ಸೀರೆ ಕೊಳ್ಳಲು ಕರೆದೊಯ್ದರೂ ನಿಂಬೆಹಣ್ಣಿನ ಬಣ್ಣದ್ದನ್ನೇ ಎತ್ತಿಕೊಳ್ಳುವ ಹೆಂಗಸು.

ಆ ತೋಟದ ತುಂಬ ಏಡಿ ಗುದ್ದು. ಗಿಡದ ಬುಡದಲ್ಲಿ, ಬದುವಿನಲ್ಲಿ, ಎಲ್ಲಿ ಕಾಲಿಟ್ಟರೂ ತೂತು. ಸುತ್ತಲೂ ಹಸಿ ಮಣ್ಣಿನ ಉಂಡೆಗಳು. ನಾನೋ ಏಡಿ ಎಂದರೆ ಸೀರೆ ಎತ್ತಿ ಹಿಡಿದು ಓಡುವವಳು. ಒಮ್ಮೆ ಒಣಗಿದ ಎಲೆಯೊಂದು ತಾನಾಗಿಯೇ ನಡೆದು ಗುದ್ದಿನೊಳಗೆ ಇಳಿದದ್ದನ್ನು ಕಂಡು, ಆರಿಸಿದ ಕಾಯಿಯನ್ನೆಲ್ಲ ಚೆಲ್ಲಿ ಓಡಿದ್ದೆ. ಎಲೆ ಎಳೆಯುತ್ತಿದ್ದದ್ದು ಏಡಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಣ್ಣವ್ವನಿಗೆ ನಕ್ಕು ನಕ್ಕು ಸಾಕಾಗಿತ್ತು.

"ಬಿಟ್ಟ ನೀರೆಲ್ಲಾ ಈ ಗುದ್ದಿನಾಗ ಇಳ್ಯಾಕತ್ತದ. ಎಣ್ಣಿ ಹಾಕಿ ಮುಗಿಸಿಬಿಡ್ತೇನಿ," ಎಂದು ಆಕೆಯ ಗಂಡ, ನಮ್ಮ ಕಾಕಾ, ಒಂದು ದಿನ ವಿಷದ ಡಬ್ಬಿ ತಂದಿಟ್ಟರು.

ಸಣ್ಣವ್ವ ಇಷ್ಟಲಿಂಗ ಪೂಜೆಯಾಗದೆ ನೀರೂ ಕುಡಿಯದವಳು. ದಾರಿಯಲ್ಲಿ ಇರುವೆ ಸಾಲು ಕಂಡರೆ ನಮ್ಮನ್ನೂ ಸುತ್ತು ಹಾಕಿಸುವವಳು. "ಹೊಲ್ದಾಗ ವಿಷಾ ಹಾಕಿದ್ರಂದ್ರ ನಾ ಲಿಂಗ ಹೆಂಗ ಮುಟ್ಲಿರಿ? ಯಾವ ಕೈಲೆ ಮುಟ್ಲಿ?" ಎಂದಳು. ಕಾಕಾ ಡಬ್ಬಿ ತಿರುಗಿ ಕೊಟ್ಟುಬಂದರು.

ಬೇರೆ ದಾರಿಯನ್ನು ಆಕೆಯೇ ಹುಡುಕಿದಳು. ಬೇಸಿಗೆಯಲ್ಲಿ ಒಂದು ಏಡಿಯೂ ಹೊರಗೆ ಕಾಣುವುದಿಲ್ಲವಲ್ಲ, ನೀರು ಹುಡುಕಿಕೊಂಡು ಹೊಳೆಗೆ ಹೋಗಿರುತ್ತವೆ ಎಂದು ಆಕೆಯ ನಂಬಿಕೆ. ಮನೆ ಕಟ್ಟಿ ಉಳಿದಿದ್ದ ಸಿಮೆಂಟಿಗೆ ಇಟ್ಟಂಗಿ ಚೂರು ಕಲಸಿ ಆ ಬೇಸಿಗೆಯಲ್ಲಿ ಒಂದೊಂದೇ ಗುದ್ದಿಗೆ ಜಡಿದು, ಒಲೆ ಸಾರಿಸುವ ಹಾಗೆ ಅಂಗೈಯಿಂದ ನುಣ್ಣಗೆ ಸವರಿದಳು.

"ಖಾಲಿ ಮನಿಗಿ ಕೀಲಿ ಹಾಕಿದ್ರ ಯಾರಿಗೇನು ಪಾಪ ಹತ್ತತದಬೇ?" ಎಂದು ನಕ್ಕಳು. ನಾನೂ ನಕ್ಕೆ. ಯಾವ ಜೀವಕ್ಕೂ ನೋವಿಲ್ಲದ ಉಪಾಯ ಎಂದು ನನಗೂ ಹೆಮ್ಮೆಯಾಗಿತ್ತು.

ಮಳೆ ಹಿಡಿಯಿತು. ಪ್ರತಿವರ್ಷ ತಾನೇ ಇಳಿದುಹೋಗುತ್ತಿದ್ದ ನೀರು ಈ ಸಲ ಗಿಡಗಳ ಬುಡದಲ್ಲೇ ನಿಂತಿತು. ಎಲೆ ಹಳದಿಯಾಯಿತು, ಹೀಚು ಉದುರಿತು. ನಾನು ಹೋದ ದಿನ ಕಾಕಾ ಒಂದು ಗಿಡದ ಬುಡಕ್ಕೆ ಗುದ್ದಲಿ ಹಾಕಿದರು. ಬೇರು ಕರ್ರಗಾಗಿ, ಮುಟ್ಟಿದರೆ ಸಿಪ್ಪೆ ಬಿಚ್ಚಿಕೊಳ್ಳುತ್ತಿತ್ತು. ಆಗ ಎದ್ದದ್ದೇ ಆ ವಾಸನೆ. ಇನ್ನೊಂದು ಏಟಿಗೆ ಪಕ್ಕದ ಗುದ್ದು ಒಡೆಯಿತು. ಸಿಮೆಂಟಿನ ಮುಚ್ಚಳಕ್ಕೆ ಒತ್ತಿಕೊಂಡೇ ಏಡಿಯೊಂದು ಸತ್ತಿತ್ತು. ಹೊರಳಿ ಬಿದ್ದಾಗ ನೋಡಿದೆವು: ಹೊಟ್ಟೆಯ ಮಡಿಕೆಯ ತುಂಬ ಜೋಳದ ಕಾಳಿನಷ್ಟು ಮರಿಗಳು, ಅವೂ ಸತ್ತಿದ್ದವು.

"ಖಾಲಿ ಇರಲಿಲ್ಲ," ಎಂದಳು ಸಣ್ಣವ್ವ. ಅಷ್ಟೇ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟೆ. ಬೇಸಿಗೆಯಿಡೀ ಅವು ತಂಪಿಗೆಂದು ಕೆಳಗೇ ಇದ್ದವು, ಮಳೆಯ ದಾರಿ ಕಾಯುತ್ತ. ನಾವು ಮೇಲೆ ಕುಳಿತು ನಗುತ್ತಿದ್ದೆವು.

ನಿಂತ ನೀರನ್ನು ಇಳಿಸಿ, ಬಿಗಿಮಣ್ಣಿನಲ್ಲಿ ಬೇರಿಗೆ ಗಾಳಿ ಕೊಡುತ್ತಿದ್ದದ್ದು ಆ ಗುದ್ದುಗಳೇ ಎಂಬುದು ತೋಟ ಸತ್ತ ಮೇಲೆ ನಮಗೆ ತಿಳಿಯಿತು. ಮೊನ್ನೆ ಫೋನಿನಲ್ಲಿ ಕರಾವಳಿಯ ಕಾಂಡ್ಲಾ ಮರಗಳ ಕಾಡಿನ ವಿಡಿಯೋ ಬಂದಿತ್ತು. ಉಪ್ಪುನೀರಿನ ಕೆಸರಿನಲ್ಲಿ ಏಡಿಗಳು ಎಲೆ ಎಳೆದೊಯ್ಯುತ್ತಿದ್ದವು. ಅವು ಕೊರೆದ ಗುದ್ದುಗಳಿಂದಲೇ ಅಲ್ಲಿನ ಕೆಸರಿಗೆ ಗಾಳಿ, ಒಯ್ದ ಎಲೆಗಳಿಂದಲೇ ಮರಗಳಿಗೆ ಗೊಬ್ಬರವಂತೆ. ಕಡಲನ್ನೇ ಕಾಣದವಳಾದರೂ ನಾನು ಅದನ್ನು ಪೂರ್ತಿ ನೋಡಲಾಗದೆ ಫೋನು ಕೆಳಗಿಟ್ಟೆ.

ಈಗ ಆ ಹೊಲದಲ್ಲಿ ಕಬ್ಬಿದೆ. ಸಣ್ಣವ್ವ ಅತ್ತ ಕಾಲಿಟ್ಟಿಲ್ಲ, ನಿನ್ನೆಯವರೆಗೆ ಆ ಮಾತನ್ನೂ ಎತ್ತಿರಲಿಲ್ಲ. ನಿನ್ನೆ ತಡೆಯಲಾರದೆ ಕೈ ತೊಳೆದವಳೇ ಆಕೆಗೆ ಫೋನು ಹಚ್ಚಿ ವಾಸನೆಯ ಸುದ್ದಿ ಹೇಳಿದೆ. ಸಮಾಧಾನಕ್ಕೆಂದು, "ನೀ ಬೇಕಂತ ಮಾಡಿದ್ದಲ್ಲ ಬಿಡು ಸಣ್ಣವ್ವ. ವಿಷಾ ಹಾಕಾಕ ನೀನೇ ಬಿಡಲಿಲ್ಲಲ್ಲ," ಎಂದೆ.

"ವಿಷಾ ಹಾಕಿದ್ರ ಲಗೂ ಸಾಯ್ತಿದ್ವು," ಎಂದಳು. "ಒಳಗ ಎಷ್ಟ ದಿನಾ ಜೀವಾ ಹಿಡ್ದಿದ್ವೋ. ದಿನಾ ಅದನ್ನೇ ನೆನಸ್ತೇನಿಬೇ."

ನಾನು ಮಾಳಿಗೆ ಹತ್ತಿ ಕುಂಡದ ಪಕ್ಕ ಕುಳಿತೆ. ಫೋನು ಕಿವಿಗೆ ಹಿಡಿದೇ, ಅದರ ತಳದಲ್ಲಿ ಕಟ್ಟಿಕೊಂಡ ತೂತನ್ನು ಕಡ್ಡಿಯಿಂದ ಬಿಡಿಸತೊಡಗಿದೆ.