ಅಳೆಯದೆ ಬಿಟ್ಟ ಹಿಮ

1985ರಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಒಂದು ನೀರು ಸರಬರಾಜು ಸಂಸ್ಥೆಯಲ್ಲಿ ಹೈಡ್ರಾಲಜಿ ಎಂಜಿನಿಯರ್ ಆಗಿದ್ದೆ. ಮನೆ ಸನ್ನಿವೇಲ್‌ನಲ್ಲಿ. ವರ್ಷದ ಹೆಚ್ಚಿನ ತಿಂಗಳು ಮೇಜಿನ ಮುಂದಿನ ಕೆಲಸ. ಚಳಿಗಾಲ ಬಂತೆಂದರೆ ಸಿಯೆರಾ ಪರ್ವತಗಳಲ್ಲಿ ಸ್ನೋ ಸರ್ವೇ. ಧಾರವಾಡದಲ್ಲಿ ಹುಟ್ಟಿ ಬೆಳೆದ ನಾನು ಮೂವತ್ತು ದಾಟುವವರೆಗೂ ಹಿಮವನ್ನು ಕ್ಯಾಲೆಂಡರಿನ ಚಿತ್ರಗಳಲ್ಲಷ್ಟೇ ಕಂಡಿದ್ದೆ. ಆದರೆ ಆ ಹೊತ್ತಿಗೆ ಏಳು ಚಳಿಗಾಲ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತಿ ಇಳಿದಿದ್ದೆ, ತಂಡದ ಹೊಣೆಯೂ ನನ್ನದಾಗಿತ್ತು.

ಸ್ನೋ ಸರ್ವೇ ಎಂದರೆ ಹಿಮವನ್ನು ತೂಗುವುದು. ಟೊಳ್ಳಾದ ಅಲ್ಯೂಮಿನಿಯಂ ಕೊಳವೆಯನ್ನು ನೆಲ ಮುಟ್ಟುವವರೆಗೆ ಹಿಮದೊಳಗೆ ಇಳಿಸಿ, ಒಳಗೆ ತುಂಬಿದ ಹಿಮದ ಸಮೇತ ಎತ್ತಿ ತೂಗುತ್ತೇವೆ. ಅದು ಕರಗಿದರೆ ಎಷ್ಟು ನೀರಾಗುತ್ತದೆಂದು ಆ ತೂಕ ಹೇಳುತ್ತದೆ. ಹೀಗೆ ಹತ್ತು ಕಡೆ ಅಳೆಯಲು ಗುರುತು ಮಾಡಿದ ಸಾಲಿಗೆ ಸ್ನೋ ಕೋರ್ಸ್ ಎಂದು ಹೆಸರು. ಬೇಸಿಗೆಯಲ್ಲಿ ನಮ್ಮ ನಲ್ಲಿಗಳಿಗೆ ಬರುವ ನೀರು ಬೆಟ್ಟದ ಮೇಲಿನ ಈ ಹಿಮವೇ. ಏಪ್ರಿಲ್ ಒಂದರ ಸುಮಾರಿನ ಅಳತೆ ವರ್ಷದಲ್ಲೇ ಮುಖ್ಯವಾದದ್ದು. ಅದು ತಪ್ಪಿದರೆ ಇಡೀ ಬೇಸಿಗೆಯ ಅಂದಾಜು ಕುಂಟುತ್ತದೆ.

ಆ ವರ್ಷ ನನ್ನ ಜೊತೆಗೆ ಹೊಸಬರಾಗಿ ಬಂದವರು ಗಿರೀಶ್. ಮೈಸೂರಿನವರು, ಇಪ್ಪತ್ತೊಂಬತ್ತು ವರ್ಷ, ದಿನವೂ ಆರು ಮೈಲಿ ಓಡುತ್ತಿದ್ದರು. ಡಿಸೆಂಬರಿನಿಂದಲೇ ಅವರನ್ನು ತಯಾರು ಮಾಡಲು ಶುರು ಮಾಡಿದೆ. ವಾರಕ್ಕೆ ಮೂರು ದಿನ ಆಫೀಸಿನ ಪಕ್ಕದ ಪಾರ್ಕಿಂಗ್ ಕಟ್ಟಡದ ನಾಲ್ಕು ಮಹಡಿಗಳನ್ನು ಮೂವತ್ತೈದು ಪೌಂಡ್ ಹೊರೆ ಹೊತ್ತು ಹತ್ತಿ ಇಳಿಯುವುದು. ವಾರಾಂತ್ಯದಲ್ಲಿ ಸ್ಕೀ ಕಲಿಕೆ. ಬೀಳುವುದು, ಬಿದ್ದಲ್ಲಿಂದ ಹೊರೆಯ ಸಮೇತ ಏಳುವುದು, ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ ರೇಡಿಯೋ ಬಳಸುವುದು, ಎಲ್ಲವನ್ನೂ ಅವರು ಬೇಗ ಕಲಿತರು. ಮಾರ್ಚ್ ಹೊತ್ತಿಗೆ ಏರಿನಲ್ಲಿ ನನ್ನನ್ನೇ ಹಿಂದೆ ಹಾಕುತ್ತಿದ್ದರು.

ಮಾರ್ಚ್ ಕೊನೆಯ ವಾರ ನಮಗೆ ಮೂರು ಸ್ನೋ ಕೋರ್ಸ್‌ಗಳ ಕೆಲಸ ಬಿತ್ತು. ಎತ್ತರಕ್ಕೆ ಮೈ ಒಗ್ಗಲೆಂದು ವಾಡಿಕೆಯಂತೆ ಏಳು ಸಾವಿರ ಅಡಿ ಎತ್ತರದ ಅರಣ್ಯ ರೇಂಜರ್ ಠಾಣೆಯಲ್ಲಿ ಒಂದು ರಾತ್ರಿ ಕಳೆದು ಮೇಲೆ ಹೋಗಬೇಕು. ವಾರದ ಕೊನೆಗೆ ಬಿರುಗಾಳಿ ಬರುತ್ತದೆಂಬ ಮುನ್ಸೂಚನೆ ಇತ್ತು. ಒಂದು ದಿನ ಉಳಿಸಲೆಂದು ನಾನು ಆ ತಂಗುವಿಕೆಯನ್ನು ಕೈಬಿಟ್ಟೆ. ಸಮುದ್ರಮಟ್ಟದ ಸನ್ನಿವೇಲ್‌ನಿಂದ ಬೆಳಗಿನ ಜಾವ ಹೊರಟು, ಕಾರಿಳಿದು ಆರು ಮೈಲಿ ಸ್ಕೀಯಲ್ಲಿ ಹತ್ತಿ, ಸಂಜೆಯೊಳಗೆ ಹತ್ತು ಸಾವಿರ ಅಡಿಯ ಸರ್ವೇ ಗುಡಿಸಲು ಸೇರಿದೆವು. ನಾನು ಹಿಂದೆ ಹಾಗೆ ಹೋಗಿದ್ದೆ, ನನಗೇನೂ ಆಗಿರಲಿಲ್ಲ.

ಎರಡನೆಯ ದಿನ ಮೊದಲ ಎರಡು ಕೋರ್ಸ್ ಮುಗಿದವು. ಗಿರೀಶ್ ಮಾತು ಕಡಿಮೆ ಮಾಡಿದ್ದರು, ಮಧ್ಯಾಹ್ನದ ಊಟ ಮುಟ್ಟಲಿಲ್ಲ.

"ಯಾಕ್ರಿ ಗಿರೀಶ್, ಆರಾಮ ಇಲ್ಲೇನು?" ಎಂದು ಕೇಳಿದೆ.

"ಏನಿಲ್ಲ ಮೇಡಂ. ಸ್ವಲ್ಪ ತಲೆನೋವು. ಆಸ್ಪಿರಿನ್ ತಗೊಂಡಿದೀನಿ," ಎಂದರು.

ನನ್ನ ಕೈಯ ಅಡುಗೆ ಸೇರುತ್ತಿಲ್ಲವೇನೋ ಎಂದುಕೊಂಡು ಸುಮ್ಮನಾದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ದಿನ ಬೆಳಗ್ಗೆ ಅವರು ಬೂಟಿನ ಲೇಸು ಕಟ್ಟಿಕೊಳ್ಳಲು ಪರದಾಡುತ್ತಿದ್ದರು. ಬೆರಳುಗಳು ಸರಿಯಾದ ಜಾಗಕ್ಕೆ ಹೋಗುತ್ತಿರಲಿಲ್ಲ. ಹೊರಗೆ ಕರೆದು, ಗಟ್ಟಿ ಹಿಮದ ಮೇಲೆ ಸ್ಕೀ ಕಡ್ಡಿಯಿಂದ ಒಂದು ಗೆರೆ ಎಳೆದೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಅದರ ಮೇಲೆ ನಡೆಯಲು ಹೇಳಿದೆ. ಕುಡಿದವರನ್ನು ಪೊಲೀಸರು ನಡೆಸುವ ಹಾಗೆ. ಮೂರನೆಯ ಹೆಜ್ಜೆಗೆ ಗಿರೀಶ್ ಪಕ್ಕಕ್ಕೆ ವಾಲಿದರು. ಇನ್ನೊಮ್ಮೆ ನಡೆದರು, ಎರಡನೆಯ ಹೆಜ್ಜೆಗೇ ಬಿದ್ದರು.

ಗಾಳಿ ತೆಳುವಾದ ಎತ್ತರಕ್ಕೆ ಮೈ ಹೊಂದಿಕೊಳ್ಳದಿದ್ದರೆ ಮಿದುಳು ಊದಿಕೊಳ್ಳುತ್ತದೆ. ನಡಿಗೆ ತಪ್ಪುವುದು ಅದರ ಗುರುತು. ಇದಕ್ಕೆ ಮದ್ದು ಒಂದೇ, ತಡಮಾಡದೆ ಕೆಳಗಿಳಿಯುವುದು. ಕಾಲಿನ ಬಲ, ಓಡುವ ಅಭ್ಯಾಸ ಯಾವುದೂ ಇದನ್ನು ತಡೆಯುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಹತ್ತುವುದರಿಂದ ಅವರಿಗೇ ಅಪಾಯ ಹೆಚ್ಚು.

"ಮೂರನೇ ಕೋರ್ಸ್ ಅರ್ಧ ಮೈಲೀಲೇ ಇದೆ ಮೇಡಂ," ಎಂದರು ಗಿರೀಶ್. ನಾಲಿಗೆ ತೊದಲುತ್ತಿತ್ತು. "ನೀವು ಮುಗಿಸ್ಕೊಂಡು ಬನ್ನಿ, ನಾನಿಲ್ಲೇ ಮಲಗಿರ್ತೀನಿ. ಎರಡು ಗಂಟೆ ಅಷ್ಟೇ."

ಒಂದು ಗಳಿಗೆ ನನ್ನ ಮನಸ್ಸೂ ಅತ್ತ ಹೋಯಿತು. ವರ್ಷಕ್ಕೊಮ್ಮೆ ಸಿಗುವ ಅಳತೆ. ಎರಡೇ ಗಂಟೆ.

"ಆಗೂದಿಲ್ಲ," ಎಂದೆ. ನನಗರಿವಿಲ್ಲದೆ ಏಕವಚನಕ್ಕೆ ಇಳಿದಿದ್ದೆ. "ಹೊರಿ ಹೊರಬ್ಯಾಡ. ಎಲ್ಲಾ ಇಲ್ಲೇ ಬಿಡೋಣು. ಈಗ ನೀ ನನ್ನ ಮುಂದ ನಡೀತಿ, ನಾ ಹೇಳಿದಲ್ಲೆ ನಿಂದರ್ತಿ. ತಿಳೀತೇನು?"

ಗುಡಿಸಲಿನ ರೇಡಿಯೋದಲ್ಲಿ ರೇಂಜರ್ ಠಾಣೆ ಸಿಕ್ಕಿತು. ಮೋಡ ಕವಿದಿದೆ, ಹೆಲಿಕಾಪ್ಟರ್ ಹಾರುವಂತಿಲ್ಲ ಎಂದರು. ಕೆಳಗಿನಿಂದ ಇಬ್ಬರು ಹಿಮದ ಮೇಲೆ ಜಾರುವ ಸ್ಲೆಡ್ ಗಾಡಿ ಎಳೆದುಕೊಂಡು ಹೊರಡುತ್ತೇವೆ ಎಂದೂ ಹೇಳಿದರು.

ಇಳಿಯಲು ಎರಡು ದಾರಿ. ಒಂದು ಕಣಿವೆಯ ಕಡಿದಾದ ಇಳಿಜಾರು, ಎರಡು ಮೈಲಿ ಹತ್ತಿರ. ಆದರೆ ಹಿಂದಿನ ದಿನದ ಗಾಳಿ ಹೊಸ ಹಿಮವನ್ನೆಲ್ಲ ತಂದು ಅಲ್ಲಿ ಪೇರಿಸಿತ್ತು. ಅಂಚಿನಲ್ಲಿ ಸ್ಕೀ ಊರಿದಾಗ ಒಳಗೆಲ್ಲೋ ಗುಡುಗಿದಂತೆ ಸದ್ದಾಯಿತು, ಅಷ್ಟುದ್ದ ಬಿರುಕು ಓಡಿತು. ಪದರ ಜಾರಲು ಕಾದಿದೆ ಎಂದರ್ಥ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರೂ ಹೂತುಹೋದರೆ ಏನು ಬಂತು? ಮರಗಳಿದ್ದ ದಿಣ್ಣೆಯ ದೂರದ ದಾರಿಯನ್ನೇ ಹಿಡಿದೆ.

ಆ ನಾಲ್ಕೂವರೆ ಗಂಟೆಗಳನ್ನು ನಾನು ಮರೆತಿಲ್ಲ. ಗಿರೀಶ್‌ರ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಹಿಡಿದುಕೊಂಡೆ. ಇಪ್ಪತ್ತು ಹೆಜ್ಜೆಗೊಮ್ಮೆ ಬೀಳುತ್ತಿದ್ದರು. ಎರಡು ಸಲ ವಾಂತಿಯಾಯಿತು. ಒಮ್ಮೆ ಹಿಮದಲ್ಲಿ ಕುಳಿತು, ಇಲ್ಲೇ ನಿದ್ದೆ ಮಾಡುತ್ತೇನೆ ಎಂದು ಹಟ ಹಿಡಿದರು.

"ನಿಮ್ಮ ಮನಿ ಎಲ್ಲೆ ಬರ್ತದ ಮೈಸೂರಾಗ?" ಎಂದು ಕೇಳಿದೆ.

"ಸರಸ್ವತಿಪುರಂ."

"ಸ್ಟೇಶನ್ನಿಂದ ಹೆಂಗ ಹೋಗೂದು? ಒಂದೊಂದ ತಿರುವು ಹೇಳ್ಕೋತ ನಡಿ."

ಅವರು ತಿರುವುಗಳನ್ನು ಹೇಳುತ್ತ, ತಪ್ಪುತ್ತ, ಮತ್ತೆ ಮೊದಲಿನಿಂದ ಶುರು ಮಾಡುತ್ತ ಇಳಿದರು. ಅವರ ಮಾತು ಎಲ್ಲಿ ನಿಲ್ಲುತ್ತದೋ ಎಂಬುದೊಂದೇ ನನ್ನ ಭಯ.

ಎಂಟು ಸಾವಿರ ಅಡಿಯ ಕೆಳಗೆ ಬೀಳುವುದು ಕಡಿಮೆಯಾಯಿತು. ಸ್ವಲ್ಪ ಮುಂದೆ ಒಂದು ಮರದ ಬುಡದಲ್ಲಿ ನಿಂತು ಗಿರೀಶ್ ತಿರುಗಿ ನೋಡಿದರು. "ಮೇಡಂ, ತಿನ್ನೋಕೆ ಏನಾದ್ರೂ ಇದೆಯಾ?"

ಅಂಗಿಯ ಜೇಬಿನಲ್ಲಿ ಶೇಂಗಾ ಚಟ್ನಿಪುಡಿ ಸವರಿ ಸುತ್ತಿದ ಎರಡು ಚಪಾತಿ ಇದ್ದವು. ಅವರು ತಿನ್ನುವಾಗ ನಾನು ಕೂಲಿಂಗ್ ಗ್ಲಾಸ್ ತೆಗೆಯಲಿಲ್ಲ. ಕಣ್ಣು ತುಂಬಿದ್ದು ಕಾಣಬಾರದಿತ್ತು.

"ತಲಿನೋವು ಯಾವಾಗಿಂದ ಇತ್ತು? ಖರೆ ಹೇಳು."

"ಮೊದಲನೇ ದಿನ ಸಂಜೆಯಿಂದಾನೇ."

"ಮತ್ತ ಹೇಳಲಿಲ್ಲ ಯಾಕ?"

"ಬೇಜಾರು ಮಾಡ್ಕೋಬೇಡಿ ಮೇಡಂ. ಹತ್ತೋವಾಗ ಕಂಪ್ಲೇಂಟ್ ಮಾಡಿದವ್ರನ್ನ ನೀವು ಮತ್ತೆ ಕರ್ಕೊಂಡು ಹೋಗಲ್ಲ ಅಂತ ಆಫೀಸಲ್ಲಿ ಎಲ್ಲಾರೂ ಹೇಳ್ತಾರೆ."

ಆ ಮಾತು ಸುಳ್ಳಾಗಿರಲಿಲ್ಲ.

ಅರ್ಧ ಗಂಟೆಯಲ್ಲಿ ಸ್ಲೆಡ್ ತಂದವರು ಎದುರಾದರು. ಗಿರೀಶ್ ಎರಡು ದಿನ ಆಸ್ಪತ್ರೆಯಲ್ಲಿದ್ದು ಪೂರ್ತಿ ಗುಣವಾದರು. ಮೇಲೆ ಇನ್ನೊಂದು ರಾತ್ರಿ ಕಳೆದಿದ್ದರೆ ಬದುಕುತ್ತಿರಲಿಲ್ಲವೇನೋ ಎಂದು ವೈದ್ಯರು ನನಗೆ ಬೇರೆಯಾಗಿ ಹೇಳಿದರು.

ವರದಿ ಬರೆಯುವ ದಿನ ನಮ್ಮ ವಿಭಾಗದ ಮುಖ್ಯಸ್ಥ ಡೇಲ್ ನನ್ನ ಮೇಜಿನ ಬಳಿ ಬಂದ. ಒಳ್ಳೆಯ ಮನುಷ್ಯ. ಮೂರನೆಯ ಕೋರ್ಸಿನ ಖಾಲಿ ಸಾಲುಗಳನ್ನು ನೋಡಿ, "ಹವಾಮಾನ ಕೆಟ್ಟಿತ್ತು ಅಂತ ಬರೆದುಬಿಡು. ಬಿರುಗಾಳಿ ಹೇಗೂ ಬಂದಿತ್ತಲ್ಲ," ಎಂದ.

"ನಾವು ಇಳಿದಾಗ ಬಂದಿರಲಿಲ್ಲ," ಎಂದು, ಷರಾ ಎಂಬ ಕಡೆ ಹೀಗೆ ಬರೆದೆ: ಸಿಬ್ಬಂದಿಗೆ ಎತ್ತರದ ಕಾಯಿಲೆ. ಮಧ್ಯದಲ್ಲಿ ತಂಗದೆ ಮೇಲೇರಿದ್ದು ಕಾರಣ. ಆ ತೀರ್ಮಾನ ತಂಡದ ನಾಯಕಿಯದು.

ಆ ಸಾಲುಗಳಿಂದ ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಮುಂದಿನ ಚಳಿಗಾಲಕ್ಕೆ ನಡುವೆ ಒಂದು ರಾತ್ರಿ ತಂಗುವುದು ಕಡ್ಡಾಯವಾಯಿತು. ಆ ಚಳಿಗಾಲದ ಮೊದಲ ಸರ್ವೇಗೆ ಗಿರೀಶ್ ತಾವಾಗಿ ಹೆಸರು ಕೊಟ್ಟರು. ದಿನಕ್ಕೆ ಮೂರು ಸಲ ಒಬ್ಬರನ್ನೊಬ್ಬರು ತಲೆನೋವು, ಹಸಿವು, ನಿದ್ದೆಯ ಬಗ್ಗೆ ಕೇಳಲೇಬೇಕೆಂದು ನಾನು ಗೊತ್ತು ಮಾಡಿದೆ. ಮೊದಲು ಉತ್ತರ ಹೇಳಬೇಕಾದವಳು ನಾನೇ. ಹಾಗೆ ನಿಜ ಹೇಳಿದ್ದಕ್ಕೆ ನಂತರದ ವರ್ಷಗಳಲ್ಲಿ ನಾನೇ ಎರಡು ಸಲ ಅರ್ಧದಿಂದ ಇಳಿದು ಬಂದಿದ್ದೇನೆ.

ನನ್ನ ಏಳು ಚಳಿಗಾಲದ ಅನುಭವ ನನ್ನ ಮೈಗೆ ಒಗ್ಗಿದ್ದು. ಅದನ್ನೇ ಅಳತೆಗೋಲು ಮಾಡಿಕೊಂಡು ಇನ್ನೊಬ್ಬರ ಮೈಯನ್ನು ನಡೆಸಲು ಹೋದೆ, ಅವರು ನೋವೆಂದು ಹೇಳಲೂ ಹೆದರುವಂತೆ ಮಾಡಿಟ್ಟಿದ್ದೆ. ಬೆಟ್ಟದಲ್ಲಿ ಜೊತೆಗಾರರು ನಮಗೆ ನಿಜ ಹೇಳುವಂತೆ ನಾವಿರಬೇಕು. ಉಳಿದ ತಯಾರಿಯೆಲ್ಲ ಅದರ ನಂತರದ್ದು ಎಂಬುದನ್ನು ನನಗೆ ಆ ಕೆಲಸ ಕಲಿಸಿತು.