ಉರಿಯುವ ಹಡಗಿನ ನಿಯಮ

ಅಮೆರಿಕದ ಡುಲುತ್ ಬಂದರಿನಲ್ಲಿ ಅದಿರಿನ ಹಡಗುಗಳ ಇಂಜಿನ್ ರಿಪೇರಿ ಮಾಡಿ ನಿವೃತ್ತನಾದ ಆರ್ವೊ ಲೆಹ್ಟಿನನ್‌ಗೆ ಕೂತಲ್ಲಿ ಕೂರುವುದೆಂದರೆ ಆಗದ ಮಾತು. ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಹಡಗುಯುದ್ಧದ ಆಟ ಅವನೇ ಕಟ್ಟಿದ್ದು. ಬೆರಳುದ್ದದ ಸೀಸದ ಹಡಗುಗಳು, ನೀಲಿ ಬಟ್ಟೆಯ ಸಮುದ್ರ, ಗುಂಡು ತಗುಲಿತೋ ಇಲ್ಲವೋ ಹೇಳಲು ದಾಳ. ನಿಯಮಗಳೂ ಅವನವೇ. ತೊಂದರೆ ಇದ್ದದ್ದೇ ಅಲ್ಲಿ. ಅವನು ಸೋತ ಮರುವಾರವೇ ಒಂದು ಹೊಸ ನಿಯಮ ಹುಟ್ಟುತ್ತಿತ್ತು. ಟಾರ್ಪಿಡೊ ತಗುಲಿ ಸೋತರೆ ಟಾರ್ಪಿಡೊದ ವೇಗ ಕುಗ್ಗುತ್ತಿತ್ತು. ಮಂಜಿನಲ್ಲಿ ಸೋತರೆ ಮಂಜು ತೆಳ್ಳಗಾಗುತ್ತಿತ್ತು.

ಈ ಶನಿವಾರ ಆಟದಲ್ಲಿ ಗುಂಡು ತಗುಲಿ ಅವನ ದೊಡ್ಡ ಹಡಗಿಗೇ ಬೆಂಕಿ ಬಿತ್ತು. ಹೊಗೆಯ ಗುರುತಿಗೆಂದು ಹೆಂಡತಿ ಲೆಂಪಿ ಅದರ ಮೇಲೆ ಹತ್ತಿಯ ಉಂಡೆ ಇಟ್ಟಳು. ಆರ್ವೊ ಎದ್ದು ಮೇಜು ಸುತ್ತತೊಡಗಿದ.

“ಇಷ್ಟು ಹೊಗೆ ಇದ್ರೆ ನಿಮ್ಮ ಗುರಿ ತಪ್ಪಲೇಬೇಕು. ಅದಕ್ಕೊಂದು ನಿಯಮ...”

“ಶುರುವಾಯ್ತು ನೋಡಪ್ಪ!” ಎಂದ ಎದುರಾಳಿ ಡ್ವೇನ್. “ನೀನು ಆಡೋಕೆ ಬಂದಿದ್ದೀಯೋ, ಕಾನೂನು ಮಾಡೋಕೋ?”

“ಅಂಡು ಸುಟ್ಟ ಬೆಕ್ಕಿನ ಥರ ಸುತ್ತಬೇಡ, ಕೂತ್ಕೊ,” ಎಂದಳು ಲೆಂಪಿ. “ನಾನೂ ಒಂದು ನಿಯಮ ಹೇಳ್ತೀನಿ. ತನ್ನ ಹಡಗು ಉರೀತಿರುವಾಗ ಯಾರೂ ನಿಯಮ ಬದಲಾಯಿಸೋ ಹಾಗಿಲ್ಲ.”

ಉಳಿದ ಆಟಗಾರರೆಲ್ಲ ಒಪ್ಪಿ ಕೈ ಎತ್ತಿದರು. ಆರ್ವೊ ಮುಖ ಊದಿಸಿಕೊಂಡು ಕೂತ. ಮಂಡಿ ಮಾತ್ರ ಮೇಜಿನಡಿ ಕುಣಿಯುತ್ತಲೇ ಇತ್ತು. ಡ್ವೇನ್ ದಾಳ ಎಸೆಯುವ ಮೊದಲೇ ಅವನು ಮುಂದಕ್ಕೆ ಬಾಗಿ, ಹತ್ತಿಯ ಉಂಡೆ ಕಿತ್ತು, ತನ್ನ ಹಡಗನ್ನು ತಾನೇ ಮಗುಚಿ ಹಾಕಿದ.

“ಮುಳುಗ್ತು. ಈಗ ಉರೀತಿಲ್ಲ ತಾನೇ? ಹೊಗೆ ನಿಯಮ ಹೇಳ್ತೀನಿ, ಕೇಳಿ.”